ಆಗಿದ್ದಿದ್ದರೆ? ಕನ್ನಡ ಹಾಡುಗಳ 'ರೆ' ಆಟ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ಗಾಂಧಿ ಬಜಾರಿನ ಆಸುಪಾಸಿನ ಹೋಟೆಲೊಂದರಲ್ಲಿ ನಾವು ಆರೇಳು ಜನ ಸೇರುತ್ತೇವೆ. ಇಡ್ಲಿ-ವಡೆ ಮುಗಿದು ಬೈಟು ಕಾಫಿ ಬರುವಷ್ಟರಲ್ಲಿ ಯಾರಾದರೂ ಒಬ್ಬರು 'ರೆ' ಹಾಕಿರುತ್ತಾರೆ. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು, ಅವೇ ಜಗಳಗಳು. ಒಂದು ಸಲ ಬರೆದಿಟ್ಟುಬಿಟ್ಟರೆ ಕಾಫಿಯಾದರೂ ಬಿಸಿಯಾಗಿ ಕುಡಿಯಬಹುದಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ.

'ರೆ' ಆಟ ಅಂದರೆ ಏನು?

ಕನ್ನಡದಲ್ಲಿ ಇತಿಹಾಸ ಬದಲಿಸಲು ಒಂದೇ ಒಂದು ಅಕ್ಷರ ಸಾಕು. 'ಹಾಡಿದರು' ಅನ್ನುವುದು ಚರಿತ್ರೆ, 'ಹಾಡದೇ ಇದ್ದಿದ್ದರೆ' ಅನ್ನುವುದು ನಮ್ಮ ಆಟ. ನಿಜವಾಗಿ ನಡೆದ ಒಂದು ಘಟನೆ ಹಿಡಿದು, ಅದರಲ್ಲಿ ಒಂದೇ ಒಂದು ಸಂಗತಿ ಬದಲಿಸಿ, ಮುಂದಿನ ಹತ್ತಿಪ್ಪತ್ತು ವರ್ಷದ ಹಾಡುಗಳು ಹೇಗಿರುತ್ತಿದ್ದವು ಎಂದು ಕೊನೆಯವರೆಗೂ ಯೋಚಿಸುವುದು. ಹಾಡು ಎಂದರೆ ಇಲ್ಲಿ ಸಿನಿಮಾ, ಭಾವಗೀತೆ, ಆರ್ಕೆಸ್ಟ್ರಾ, ಬ್ಯಾಂಡು ಎಲ್ಲವೂ.

ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ ಅನ್ನಬಹುದು. ಇದೂ ಅಂಥದ್ದೇ ಕಾಡುಹರಟೆ ಅಲ್ಲವೇ?

ಮೀಸೆ ಬರುವುದೇ ಇಲ್ಲ, ಆದ್ದರಿಂದ ಅದು ಹರಟೆ. ನಮ್ಮಲ್ಲಿ ಬರುವ ಸಾಧ್ಯತೆ ಇದ್ದ ಮೀಸೆಗೆ ಮಾತ್ರ ಅವಕಾಶ. 'ಮೈಕೆಲ್ ಜಾಕ್ಸನ್ ಮಲ್ಲೇಶ್ವರದಲ್ಲಿ ಹುಟ್ಟಿದ್ದರೆ' ಎಂದು ಶುರುಮಾಡಿದವರಿಗೆ ಕಾಫಿ ದುಡ್ಡು ಕೊಡಿಸುತ್ತೇವೆ. ಆ ದಿನ, ಆ ಜಾಗದಲ್ಲಿ ನಿಜಕ್ಕೂ ಎರಡು ದಾರಿ ಇರಬೇಕು.

ಇನ್ನೊಂದು ಮಾತು. ಇಷ್ಟು ವರ್ಷ ಆಡಿದ ಮೇಲೆ ನನಗೆ ಗಟ್ಟಿಯಾಗಿರುವ ನಂಬಿಕೆ ಇದು: ತಾರೆಯನ್ನು ಬದಲಿಸಿದರೆ ಹೆಚ್ಚೇನೂ ಬದಲಾಗುವುದಿಲ್ಲ. ಹಾಡು ರೆಕಾರ್ಡ್ ಆದ ಕೋಣೆ, ಅದನ್ನು ಮನೆಗೆ ತಂದ ಯಂತ್ರ, ಹಾಡಿದವರ ತಿಂಗಳ ಸಂಬಳ, ಇವುಗಳನ್ನು ಬದಲಿಸಿ ನೋಡಿ. ಆಗ ಎಲ್ಲವೂ ಅಲ್ಲಾಡುತ್ತದೆ. ಇದನ್ನು ಒಪ್ಪದವರು ನಮ್ಮ ಟೇಬಲ್ಲಿನಲ್ಲೇ ಇಬ್ಬರಿದ್ದಾರೆ.

ಅಣ್ಣಾವ್ರು 'ಯಾರೇ ಕೂಗಾಡಲಿ' ಹಾಡದೇ ಇದ್ದಿದ್ದರೆ?

ಹೊಸಬರೆಲ್ಲ ಕೇಳುವ ಮೊದಲ ಪ್ರಶ್ನೆ. 1974ರ 'ಸಂಪತ್ತಿಗೆ ಸವಾಲ್', ಜಿ.ಕೆ. ವೆಂಕಟೇಶ್ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ, ಎಮ್ಮೆಯ ಮೇಲೆ ಕೂತ ರಾಜ್‌ಕುಮಾರ್. ಅಲ್ಲಿಯವರೆಗೆ ರಾಜ್ ಎಂದರೆ ಪಿ.ಬಿ. ಶ್ರೀನಿವಾಸ್ ಕಂಠ. 'ಆಡಿಸಿ ನೋಡು ಬೀಳಿಸಿ ನೋಡು' ಇರಲಿ, 'ನಗುನಗುತಾ ನಲಿ ನಲಿ' ಇರಲಿ, ತುಟಿ ಒಬ್ಬರದು, ಉಸಿರು ಇನ್ನೊಬ್ಬರದು. ಆ ದಿನ ಪಿ.ಬಿ.ಎಸ್. ಯಾಕೆ ಹಾಡಲಿಲ್ಲ ಎಂಬುದಕ್ಕೆ ಹೇಳುವವರ ಸಂಖ್ಯೆಯಷ್ಟೇ ಕಥೆಗಳಿವೆ, ಅದರ ಗೊಡವೆ ನಮಗೆ ಬೇಡ.

ಮೊದಲು ನಾನು ಮಾಡಿಕೊಂಡ ಅವಮಾನ ಹೇಳಿಬಿಡುತ್ತೇನೆ. ಒಂದು ಭಾನುವಾರ ಕೈ ಆಡಿಸುತ್ತಾ, '1974ಕ್ಕೆ ಮೊದಲು ರಾಜ್ ಮೈಕಿನ ಮುಂದೆ ನಿಂತೇ ಇರಲಿಲ್ಲ' ಎಂದು ವಾದ ಹೂಡಿದ್ದೆ. ಪಕ್ಕದ ಟೇಬಲ್ಲಿನ ಹಿರಿಯರೊಬ್ಬರು ತಲೆ ಎತ್ತದೆ, ಸಾಂಬಾರಿಗೆ ವಡೆ ಅದ್ದುತ್ತಲೇ 'ತುಂಬಿತು ಮನವ' ಎಂದು ಗುನುಗಿದರು. 1959ರ 'ಮಹಿಷಾಸುರ ಮರ್ದಿನಿ', ಎಸ್. ಜಾನಕಿ ಜೊತೆ ರಾಜ್ ಹಾಡಿದ ಯುಗಳಗೀತೆ. ನನ್ನ ಮುಖ ಚಟ್ನಿಯ ಬಟ್ಟಲಿನ ಕಡೆ ಹೋಯಿತು. ಗುಬ್ಬಿ ಕಂಪನಿಯಲ್ಲಿ ಬೆಳೆದ ನಟನಿಗೆ ಹಾಡು ಹೊಸದಾಗಿ ಕಲಿಯಬೇಕಾದ ವಿದ್ಯೆಯೇ ಆಗಿರಲಿಲ್ಲ. ಹಾಗಾಗಿ 'ಹಾಡಲು ಬರುತ್ತದೆಯೋ ಇಲ್ಲವೋ' ಎಂಬುದು ಪ್ರಶ್ನೆಯಲ್ಲ. ಹದಿನೈದು ವರ್ಷ ಯಾಕೆ ಬಿಟ್ಟಿದ್ದರು ಎಂಬುದು ಪ್ರಶ್ನೆ.

ಈಗ ಆಟಕ್ಕೆ ಬರೋಣ. 1972ರ 'ನಾಗರಹಾವು' ತೆಗೆದುಕೊಳ್ಳಿ. ಎರಡು ಹಾಡು, ನಾಯಕ ಒಬ್ಬನೇ ವಿಷ್ಣುವರ್ಧನ್, ಸಂಗೀತ ಒಬ್ಬರದೇ ವಿಜಯಭಾಸ್ಕರ್. 'ಬಾರೆ ಬಾರೆ ಚೆಂದದ ಚೆಲುವಿನ ತಾರೆ' ಹಾಡಿದ್ದು ಪಿ.ಬಿ.ಎಸ್., 'ಹಾವಿನ ದ್ವೇಷ ಹನ್ನೆರಡು ವರುಷ' ಹಾಡಿದ್ದು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಒಲವಿಗೆ ಒಂದು ಗಂಟಲು, ರೋಷಕ್ಕೆ ಇನ್ನೊಂದು. ಅಂದರೆ ಗಾಳಿ ತಿರುಗಿದ್ದು 1974ರಲ್ಲಲ್ಲ, ಎರಡು ವರ್ಷ ಮುಂಚೆಯೇ. ರಾಜ್ ತಾವೇ ಹಾಡದೇ ಹೋಗಿದ್ದಿದ್ದರೆ ಎಪ್ಪತ್ತರ ದಶಕದ ಹೊಡೆದಾಟದ ಪಾತ್ರಗಳಿಗೆ ಪಿ.ಬಿ.ಎಸ್. ಮೃದುತ್ವ ಸಾಲದೆ, ಆ ಜಾಗಕ್ಕೂ ಎಸ್ಪಿಬಿ ಬಂದಿರುತ್ತಿದ್ದರು. ವಿಷ್ಣು, ಶ್ರೀನಾಥ್, ಅನಂತ್, ಶಂಕರ್ ಜೊತೆ ರಾಜ್‌ಗೂ ಅದೇ ಕಂಠ! ಕಣ್ಣು ಮುಚ್ಚಿ ಕೇಳಿದರೆ ಯಾರ ಸಿನಿಮಾ ಎಂದೇ ತಿಳಿಯುತ್ತಿರಲಿಲ್ಲ. ರಾಜ್ ಹಾಡಿದ್ದರಿಂದ ಪಿ.ಬಿ.ಎಸ್.ಗೆ ನಷ್ಟವಾಯಿತು ಎಂದು ಕೊರಗುವವರಿದ್ದಾರೆ. ನಾನೂ ಒಬ್ಬ. ಆದರೆ ಕನ್ನಡ ರೇಡಿಯೋದಲ್ಲಿ ಎರಡು ಬಣ್ಣ ಉಳಿದದ್ದು ಅದರಿಂದಲೇ.

ಇನ್ನೊಂದು ಕೊಂಡಿಯೂ ಕಳಚುತ್ತದೆ. 'ಜೀವನ ಚೈತ್ರ'ದ 'ನಾದಮಯ ಈ ಲೋಕವೆಲ್ಲಾ' ಹಾಡಿಗೆ ರಾಜ್‌ಗೆ ಬಂದ ರಾಷ್ಟ್ರಪ್ರಶಸ್ತಿ ಇರುತ್ತಿರಲಿಲ್ಲ.

ಕನ್ನಡ ಹಾಡುಗಳು ಮೊದಲಿನಿಂದಲೂ ಬೆಂಗಳೂರಿನಲ್ಲೇ ರೆಕಾರ್ಡ್ ಆಗಿದ್ದಿದ್ದರೆ?

ನನಗೆ ಎಲ್ಲಕ್ಕಿಂತ ಇಷ್ಟದ 'ರೆ' ಇದು. ಬೇರೆಯವರಿಗೆ ಬೋರ್ ಹೊಡೆಸುವುದೂ ಇದೇ.

ಅರವತ್ತು, ಎಪ್ಪತ್ತರ ದಶಕದಲ್ಲಿ ಕನ್ನಡ ಸಿನಿಮಾ ಹಾಡು ಹುಟ್ಟುತ್ತಿದ್ದದ್ದು ಮದ್ರಾಸಿನಲ್ಲಿ. ಗಾಂಧಿನಗರದಲ್ಲಿ ದುಡ್ಡು, ಕೋಡಂಬಾಕ್ಕದಲ್ಲಿ ಮೈಕು. ನಿರ್ಮಾಪಕ ರಾತ್ರಿ ರೈಲು ಹತ್ತಿ ಹೋಗಿ ಹಾಡು ಮಾಡಿಸಿಕೊಂಡು ಬರಬೇಕಿತ್ತು. ಕಂಠೀರವ ಸ್ಟುಡಿಯೋ ಸ್ಥಾಪನೆಯಾದದ್ದೇ 1966ರಲ್ಲಿ. ಒಳ್ಳೆಯ ಹಾಡಿನ ರೆಕಾರ್ಡಿಂಗಿಗೆ ಮದ್ರಾಸಿನ ದಾರಿ ಅದರ ನಂತರವೂ ತಪ್ಪಲಿಲ್ಲ. 'ನಮ್ಮ ಹಾಡು ನಮ್ಮೂರಿನಲ್ಲಿ ಆಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು' ಎಂದು ಎಲ್ಲರೂ ಹಲುಬುತ್ತಾರೆ. ನಿಧಾನಕ್ಕೆ ಯೋಚಿಸಿ.

ಜಿ.ಕೆ. ವೆಂಕಟೇಶ್ ಅವರ ಬಳಿ ಆಗ ಸಹಾಯಕನಾಗಿ, ವಾದ್ಯ ನುಡಿಸುತ್ತಾ ಇದ್ದ ಹಳ್ಳಿಯ ಹುಡುಗ ಇಳಯರಾಜ. 1976ರಲ್ಲಿ 'ಅನ್ನಕ್ಕಿಳಿ' ಬರುವ ಮೊದಲು ಆತ ಕೆಲಸ ಕಲಿತ ಶಾಲೆಗಳಲ್ಲಿ ನಮ್ಮ ಕನ್ನಡ ಹಾಡುಗಳ ರೆಕಾರ್ಡಿಂಗೂ ಒಂದು. ಜಿ.ಕೆ.ವಿ. ಬೆಂಗಳೂರಿನಲ್ಲೇ ಇದ್ದಿದ್ದರೆ? ಆ ಹುಡುಗ ಮದ್ರಾಸಿನಲ್ಲಿ ಬೇರೆ ಯಾರದೋ ಕೈಕೆಳಗೆ ಇರುತ್ತಿದ್ದ. ಕನ್ನಡದ ನಂಟು ಬೆಳೆಯುತ್ತಿರಲಿಲ್ಲ. ಆಮೇಲೆ 1981ರಲ್ಲಿ ಶಂಕರ್‌ನಾಗ್ 'ಗೀತಾ' ಮಾಡಲು ಹೊರಟಾಗ ಆತನನ್ನೇ ಹುಡುಕಿಕೊಂಡು ಹೋಗುತ್ತಿದ್ದರೇ? 'ಜೊತೆಯಲಿ ಜೊತೆಜೊತೆಯಲಿ' ಇಲ್ಲದ ಬೆಂಗಳೂರು ಆಟೋ ನನಗೆ ಊಹೆಗೆ ಸಿಗುವುದಿಲ್ಲ.

ಗಾಯಕರ ಮಾತೂ ಅಷ್ಟೇ. ಪಿ.ಬಿ.ಎಸ್. ಕಾಕಿನಾಡದವರು, ಎಸ್ಪಿಬಿ, ಜಾನಕಿ, ಸುಶೀಲಾ ಎಲ್ಲರೂ ತೆಲುಗು ಮೂಲದವರು, ಎಲ್ಲರೂ ಮದ್ರಾಸಿನಲ್ಲಿ ನಾಲ್ಕು ಭಾಷೆಯ ಹಾಡು ಹಾಡಿಕೊಂಡಿದ್ದವರು. ಎಸ್ಪಿಬಿ ಮೊದಲ ತೆಲುಗು ಸಿನಿಮಾ ಹಾಡು ಹಾಡಿದ್ದು 1966ರಲ್ಲಿ, ಕನ್ನಡದ 'ನಕ್ಕರೆ ಅದೇ ಸ್ವರ್ಗ' 1967ರಲ್ಲಿ. ಒಂದೇ ಊರಿನಲ್ಲಿ ಎಲ್ಲರೂ ಇದ್ದದ್ದರಿಂದ ಎಂ. ರಂಗರಾವ್ ಕಿವಿಗೆ ಆ ಹೊಸ ದನಿ ಒಂದೇ ವರ್ಷದಲ್ಲಿ ಬಿತ್ತು. ಸ್ಟುಡಿಯೋ ಬೆಂಗಳೂರಿನಲ್ಲಿದ್ದಿದ್ದರೆ ನಮಗೆ ಸ್ಥಳೀಯ ಗಾಯಕರ ಒಂದು ದೊಡ್ಡ ಪೀಳಿಗೆ ಸಿಗುತ್ತಿತ್ತು, ನಿಜ. ಕಾಳಿಂಗರಾಯರ ದಾರಿಯಲ್ಲಿ ಬಂದ ಸುಗಮ ಸಂಗೀತದವರು ಸಿನಿಮಾದಲ್ಲೂ ತುಂಬಿರುತ್ತಿದ್ದರು. ಶಿವಮೊಗ್ಗ ಸುಬ್ಬಣ್ಣ 'ಕಾಡು ಕುದುರೆ ಓಡಿ ಬಂದಿತ್ತಾ' ಹಾಡಿ ರಾಷ್ಟ್ರಪ್ರಶಸ್ತಿ ಪಡೆದದ್ದು ಅಪರೂಪದ ಸುದ್ದಿಯಾಗದೆ ವಾಡಿಕೆಯಾಗುತ್ತಿತ್ತು. ಒಂದು ಬಾಗಿಲು ತೆರೆದು ಇನ್ನೊಂದು ಮುಚ್ಚುವ ಲೆಕ್ಕ ಇದು. ನಾನು ಯಾವುದನ್ನು ಆರಿಸುತ್ತಿದ್ದೆ ಎಂದು ಕೇಳಬೇಡಿ, ವಾರಕ್ಕೊಂದು ಉತ್ತರ ಕೊಡುತ್ತೇನೆ.

ಶಂಕರ್‌ನಾಗ್ ಬದುಕಿದ್ದಿದ್ದರೆ?

ಇದನ್ನು ಕೇಳದ ಬೆಂಗಳೂರಿಗನಿಲ್ಲ. 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರ ಅಪಘಾತ, ವಯಸ್ಸು 35. ಸಾವಿನ ಮೇಲೆ 'ರೆ' ಹಾಕುವುದಕ್ಕೆ ನಮ್ಮಲ್ಲಿ ಸ್ವಲ್ಪ ಹಿಂಜರಿಕೆ ಇದೆ. ಅದು ಬೇಗ ಆಟದ ಗೆರೆ ದಾಟಿ ಶ್ರಾದ್ಧವಾಗುತ್ತದೆ, ಎಲ್ಲರೂ ಆತ ಬೆಂಗಳೂರಿಗೆ ಕನಸು ಕಂಡಿದ್ದ ಮೆಟ್ರೋ ಬಗ್ಗೆ ಮಾತಾಡಿ ಮೌನವಾಗುತ್ತಾರೆ.

ಆದರೂ ಹಾಡಿನ ಮಟ್ಟಿಗೆ ಒಂದು ಮಾತು. ಆತ ಬೆಂಗಳೂರಿನಲ್ಲಿ 'ಸಂಕೇತ್' ಎಂಬ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದ್ದು ಹೆಚ್ಚು ಜನರ ನೆನಪಿನಲ್ಲಿಲ್ಲ. ಮೇಲಿನ ಪ್ರಶ್ನೆಗೆ ಆತ ನಿಜಜೀವನದಲ್ಲಿ ಹಾಕಿದ ಉತ್ತರ ಅದು. ಎಲ್ಲರೂ ಆತನನ್ನು ತೊಂಬತ್ತರ ದಶಕದ ನಾಯಕನಾಗಿ, ನಿರ್ದೇಶಕನಾಗಿ ಊಹಿಸಿಕೊಳ್ಳುತ್ತಾರೆ. ನಾನು ಕಂಪ್ಯೂಟರ್ ಮೇಲೆ ಹಾಡು ರೆಕಾರ್ಡ್ ಮಾಡುವ ಕಾಲ ಬಂದಾಗ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು, ಸಿಗರೇಟು ಹಚ್ಚಿ, ಹೊಸ ಯಂತ್ರದ ಮ್ಯಾನುಯಲ್ ಓದುತ್ತಿರುವ ಶಂಕರ್‌ನಾಗ್‌ನನ್ನು ಊಹಿಸಿಕೊಳ್ಳುತ್ತೇನೆ.

ರಫಿ, ಲತಾ, ಕಿಶೋರ್ ಕನ್ನಡದಲ್ಲಿ ಹಾಡುತ್ತಲೇ ಇದ್ದಿದ್ದರೆ?

ಅವರು ಹಾಡಿದ್ದರು ಎಂಬುದೇ ಹೊಸಬರಿಗೆ ಅಚ್ಚರಿ. ಒಂದೇ 1967ರಲ್ಲಿ ಲತಾ ಮಂಗೇಶ್ಕರ್ 'ಬೆಳ್ಳನೆ ಬೆಳಗಾಯಿತು' ಹಾಡಿದರು, ರಫಿ 'ನೀನೆಲ್ಲಿ ನಡೆವೆ ದೂರ' ಹಾಡಿದರು. 1972ರಲ್ಲಿ ದ್ವಾರಕೀಶ್ ಅವರ 'ಕುಳ್ಳ ಏಜೆಂಟ್ 000'ಗೆ ರಾಜನ್-ನಾಗೇಂದ್ರ ಕಿಶೋರ್ ಕುಮಾರ್ ಕೈಲಿ 'ಆಡೂ ಆಟ ಆಡು' ಹಾಡಿಸಿದರು. ಅದಕ್ಕೂ ಮುಂಚೆ, 1964ರ 'ಕಲಾವತಿ'ಯಲ್ಲಿ ಮನ್ನಾ ಡೇ ಇದ್ದರು.

ಅದು ಅಲ್ಲಿಗೇ ನಿಂತಿತು, ಬಾಗಿಲು ಬಡಿದು ಹೋದ ನೆಂಟರ ಹಾಗೆ. ನಿಲ್ಲದಿದ್ದರೆ ಏನಾಗುತ್ತಿತ್ತು ಎಂದು ಊಹಿಸಬೇಕಾಗಿಯೇ ಇಲ್ಲ, ನಲವತ್ತು ವರ್ಷ ತಡವಾಗಿ ಅದು ಆಗಿಯೇ ಹೋಯಿತು. 2006ರ ಡಿಸೆಂಬರ್ ಕೊನೆಗೆ 'ಮುಂಗಾರು ಮಳೆ' ಬಂತು. ಗೋಕರ್ಣದ ಜಯಂತ ಕಾಯ್ಕಿಣಿ ಬರೆದ, ಅಮೆರಿಕದಲ್ಲಿ ನೆಲೆಸಿದ್ದ ಮನೋಮೂರ್ತಿ ಕೂಡಿಸಿದ 'ಅನಿಸುತಿದೆ ಯಾಕೋ ಇಂದು' ಹಾಡನ್ನು ಮುಂಬೈನ ಸೋನು ನಿಗಮ್ ಹಾಡಿದರು. ಆಮೇಲೆ ಮುಂಬೈ ಕಂಠಗಳ ಮಹಾಪೂರ. ಆಗ ರೈಲಿನಲ್ಲಿ ಟೇಪು ಹೊತ್ತು ಹೋಗಬೇಕಿತ್ತು, ಈಗ ಫೈಲು ತಾನೇ ಹೋಗಿ ಬರುತ್ತದೆ. ನಡುವೆ ಬದಲಾದದ್ದು ಅಭಿರುಚಿಯಲ್ಲ, ಸಾಗಣೆಯ ಖರ್ಚು. 1967ರಲ್ಲೇ ಆ ಖರ್ಚು ಇಳಿದಿದ್ದಿದ್ದರೆ ಜಾನಕಮ್ಮನ ನೂರಾರು ಕನ್ನಡ ಹಾಡುಗಳಲ್ಲಿ ಎಷ್ಟು ಉಳಿಯುತ್ತಿದ್ದವೋ. ಯೋಚಿಸಿದರೆ ಭಯವಾಗುತ್ತದೆ.

ಭಾವಗೀತೆಗೂ 'ರೆ' ಆಟಕ್ಕೂ ಏನು ಸಂಬಂಧ?

ಕ್ಯಾಸೆಟ್ ಸಂಬಂಧ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂತು, ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್. ಅದಕ್ಕೂ ಹಿಂದೆ ಇದ್ದದ್ದು ಆಕಾಶವಾಣಿ ಮತ್ತು 78 ಸುತ್ತಿನ ತಟ್ಟೆ. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ, ಮುಗಿಯಿತು. ಕವಿತೆಯ ನಾಲ್ಕು ಚರಣ ಇದ್ದರೆ ಎರಡನ್ನು ಬಿಡಲೇಬೇಕು. ಕ್ಯಾಸೆಟ್ಟಿನ ಮಗ್ಗುಲಿಗೆ ಅರ್ಧ ಗಂಟೆ. ಒಬ್ಬನೇ ಕವಿಯ ಎಂಟು-ಹತ್ತು ಕವಿತೆ ಸಾಲಾಗಿ, ಇಡೀ ಸಂಕಲನದ ಹಾಗೆ ಕೇಳಿಸಬಹುದು. ಕೆ.ಎಸ್. ನರಸಿಂಹಸ್ವಾಮಿ, ಜಿ.ಎಸ್. ಶಿವರುದ್ರಪ್ಪ (ಜಿ.ಎಸ್.ಎಸ್.), ಶಿಶುನಾಳ ಶರೀಫರು ನಮ್ಮ ಅಡುಗೆಮನೆಗೆ ಬಂದದ್ದು ಹೀಗೆ. ಕ್ಯಾಸೆಟ್ ಹತ್ತು ವರ್ಷ ತಡವಾಗಿ ಬಂದಿದ್ದರೆ ಭಾವಗೀತೆ ರೇಡಿಯೋದ ಬೆಳಗಿನ ಹದಿನೈದು ನಿಮಿಷದಲ್ಲೇ ಮುದುಕಾಗುತ್ತಿತ್ತು.

ಎರಡನೆಯದು ಸಂಬಳ. ಸಿ. ಅಶ್ವಥ್ 27 ವರ್ಷ ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡಿದರು. ದೂರವಾಣಿನಗರದ ಆ ಕಾರ್ಖಾನೆ ಬೆಂಗಳೂರಿಗೆ ಬರದೇ ಹೋಗಿದ್ದಿದ್ದರೆ? ಸರ್ಕಾರಿ ಕಾರ್ಖಾನೆ ಎಂದರೆ ಗೊತ್ತಾದ ಶಿಫ್ಟು, ಒಂದನೇ ತಾರೀಖು ಸಂಬಳ, ಸಂಜೆ ಹಾರ್ಮೋನಿಯಂ. ಅನ್ನದ ಚಿಂತೆ ಇಲ್ಲದ್ದರಿಂದ ಶರೀಫರನ್ನು ತಮಗೆ ಬೇಕಾದ ಹಾಗೆ ಕೂಗಿ ಹಾಡುವ ಧೈರ್ಯ. ನಿಸಾರ್ ಭೂವಿಜ್ಞಾನದ ಮೇಷ್ಟ್ರು, ಜಿ.ಎಸ್.ಎಸ್. ಕನ್ನಡದ ಮೇಷ್ಟ್ರು. ಸುಗಮ ಸಂಗೀತದ ಬೇರು ಬೆಂಗಳೂರಿನ ಪೇ-ಸ್ಲಿಪ್ಪಿನಲ್ಲಿದೆ ಎಂದು ನಾನು ಹೇಳಿದಾಗ ಟೇಬಲ್ಲಿನಲ್ಲಿರುವ ಕವಿಗಳು ಮುಖ ಸಿಂಡರಿಸುತ್ತಾರೆ. ಅವರೂ ಬ್ಯಾಂಕಿನಲ್ಲೇ ಕೆಲಸ ಮಾಡುವುದು.

ನಾಡಗೀತೆಗೆ ಅಶ್ವಥ್ ಧಾಟಿ ಬಂದಿದ್ದಿದ್ದರೆ?

ಜೋರಾಗಿ ಕೇಳಬೇಡಿ, ಪಕ್ಕದ ಟೇಬಲ್ಲಿನವರೂ ಸೇರಿಕೊಳ್ಳುತ್ತಾರೆ.

ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' 2004ರ ಜನವರಿಯಲ್ಲಿ ಅಧಿಕೃತ ನಾಡಗೀತೆಯಾಯಿತು. ಸಾಹಿತ್ಯ ಒಂದೇ, ಧಾಟಿ ಎರಡು: ಮೈಸೂರು ಅನಂತಸ್ವಾಮಿ ಅವರದ್ದೊಂದು, ಸಿ. ಅಶ್ವಥ್ ಅವರದ್ದೊಂದು. ಹದಿನೆಂಟು ವರ್ಷ ಎಳೆದಾಡಿ 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿ ಧಾಟಿಯನ್ನು, ಎರಡು ನಿಮಿಷ ಮೂವತ್ತು ಸೆಕೆಂಡಿನ ಅವಧಿಯನ್ನು ಗೊತ್ತುಮಾಡಿತು. ಅಷ್ಟರಲ್ಲಿ ಇಬ್ಬರೂ ಇರಲಿಲ್ಲ. ಅನಂತಸ್ವಾಮಿ ತೀರಿಕೊಂಡದ್ದು 1995ರಲ್ಲಿ, ಹಾಡು ನಾಡಗೀತೆ ಆದದ್ದನ್ನೂ ಅವರು ನೋಡಲಿಲ್ಲ. ಅಶ್ವಥ್ 2009ರಲ್ಲಿ.

ಬೇರೆ ಎಲ್ಲ 'ರೆ'ಗಳಲ್ಲಿ ಇನ್ನೊಂದು ಲೋಕ ಬರೀ ಊಹೆ. ಇಲ್ಲಿ ಎರಡೂ ಲೋಕ ಒಟ್ಟಿಗೇ ಇದ್ದವು, ಎರಡೂ ಧಾಟಿ ಜನರ ಕಿವಿಯಲ್ಲಿದ್ದವು. ಗೆದ್ದದ್ದು ಅಶ್ವಥ್ ಧಾಟಿಯಾಗಿದ್ದಿದ್ದರೆ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಎತ್ತರದ ಸ್ವರಕ್ಕೆ ಅರ್ಧ ಮಕ್ಕಳು ಬಾಯಿ ಮಾತ್ರ ಆಡಿಸುತ್ತಿದ್ದರು ಅನ್ನುವುದು ನನ್ನ ಅನುಮಾನ. ವೇದಿಕೆಯ ಮೇಲೆ ಮಾತ್ರ ರೋಮಾಂಚನ.

ಡಬ್ಬಿಂಗ್ ವಿರೋಧಿ ಚಳವಳಿ ನಡೆಯದೇ ಇದ್ದಿದ್ದರೆ?

ಅರವತ್ತರ ದಶಕದಿಂದ ಮುಂದೆ ದಶಕಗಟ್ಟಲೆ ಬೇರೆ ಭಾಷೆಯ ಸಿನಿಮಾ ಕನ್ನಡಕ್ಕೆ ಡಬ್ ಆಗಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬರುವವರೆಗೂ ಹೆಚ್ಚುಕಡಿಮೆ ಅದೇ ಸ್ಥಿತಿ. ಡಬ್ಬಿಂಗ್ ಇದ್ದಿದ್ದರೆ ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್ ಅಂಥವರು ಎಂ.ಜಿ.ಆರ್. ತುಟಿಗೆ ಹೊಂದುವ ಪದ ಹುಡುಕುತ್ತಾ ಆಯುಷ್ಯ ಕಳೆಯುತ್ತಿದ್ದರು. ರೀಮೇಕಿನಲ್ಲಿ ಧಾಟಿ ಎರವಲು ಬಂದರೂ ತುಟಿಯಾದರೂ ನಮ್ಮದಿತ್ತು. ಇದರ ಪರ-ವಿರೋಧ ರಾಜಕೀಯಕ್ಕೆ ನಮ್ಮ ಕಾಫಿ ಸಾಲದು. 2018ರ 'ಕೆಜಿಎಫ್' ಹಾಡುಗಳು ಐದು ಭಾಷೆಯಲ್ಲಿ ಬಂದು ದಿಕ್ಕೇ ತಿರುಗಿತು ಎಂಬುದನ್ನಷ್ಟೇ ಗಮನಿಸಿ.

ಹಂಸಲೇಖ, ರವಿಚಂದ್ರನ್ ಸೇರದೇ ಇದ್ದಿದ್ದರೆ?

1987ರ 'ಪ್ರೇಮಲೋಕ' ಇಲ್ಲ. ಕಾಲೇಜು ಹುಡುಗರು ಮಾತಾಡುವ ಕನ್ನಡ ಹಾಡಿನೊಳಗೆ ಬರುವುದು ಇನ್ನಷ್ಟು ತಡ. ಇದಕ್ಕಿಂತ ಹೆಚ್ಚು ಹೇಳಲು ಹೋದರೆ ಎಂಬತ್ತರಲ್ಲಿ ಹದಿಹರೆಯ ಕಳೆದವರು ಅಳಲು ಶುರುಮಾಡುತ್ತಾರೆ.

ಇಂಗ್ಲಿಷ್ ಹಾಡಿನ 'ರೆ' ಆಡುವುದಿಲ್ಲವೇ?

ಆಡುತ್ತೇವೆ, ಕಂಟೋನ್ಮೆಂಟಿನ ಗೆಳೆಯರು ಬಂದ ದಿನ. ಎಲ್ಲ ದೇಶದವರೂ ಆಡುವುದು ಬೀಟಲ್ಸ್ ಆಟ: 1962ರ ಜನವರಿ 1ರಂದು ಲಂಡನ್ನಿನ ಡೆಕ್ಕಾ ಕಂಪನಿ ಅವರ ಪರೀಕ್ಷೆ ತೆಗೆದುಕೊಂಡು ಬೇಡವೆಂದಿತು, ಒಪ್ಪಿದ್ದಿದ್ದರೆ? ಆಗ ಇಎಂಐ ಕಂಪನಿಯ ರೆಕಾರ್ಡ್ ನಿರ್ಮಾಪಕ ಜಾರ್ಜ್ ಮಾರ್ಟಿನ್ ಬೀಟಲ್ಸ್‌ಗೆ ಸಿಗುತ್ತಿರಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಕೈಬಿಟ್ಟ ಡ್ರಮ್ಮರ್ ಪೀಟ್ ಬೆಸ್ಟ್ ಹುಟ್ಟಿದ್ದು ಮದ್ರಾಸಿನಲ್ಲಿ ಎಂಬುದು ನಮ್ಮವರಿಗೆ ಸಿಕ್ಕ ಬೋನಸ್. ಇಲ್ಲೂ ಕೋಣೆಯೇ ಮುಖ್ಯ ನೋಡಿ, ಯಾವ ಸ್ಟುಡಿಯೋ, ಗಾಜಿನ ಆಚೆ ಯಾರು ಕೂತಿದ್ದರು ಎಂಬುದು.

ಬೆಂಗಳೂರಿನದೇ ಬೇಕೆಂದರೆ ಅರಮನೆ ಮೈದಾನ ಇದೆ. 2005ರಲ್ಲಿ ಅಲ್ಲಿ ಅಶ್ವಥ್ ಅವರ 'ಕನ್ನಡವೇ ಸತ್ಯ' ಗಾಯನ ಕಾರ್ಯಕ್ರಮ, 2007ರ ಮಾರ್ಚ್ 17ರಂದು ಅದೇ ಮೈದಾನದಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್. ಮೇಡನ್‌ಗೆ ಮುಂಚೆ ನುಡಿಸಿದ್ದು ದೆಹಲಿಯ ಪರಿಕ್ರಮ ಬ್ಯಾಂಡ್. ಆ ಜಾಗದಲ್ಲಿ ಕನ್ನಡದಲ್ಲಿ ಹಾಡುವ ಒಂದು ಬ್ಯಾಂಡು ನಿಂತಿದ್ದಿದ್ದರೆ? ರಘು ದೀಕ್ಷಿತ್ ಮೊದಲ ಆಲ್ಬಂ ಬಂದದ್ದು ಮರುವರ್ಷ, ಅದರಲ್ಲಿ ಶರೀಫರ 'ಗುಡುಗುಡಿಯ ಸೇದಿ ನೋಡೋ' ಗಿಟಾರಿನ ಮೇಲೆ ಕೂತಿತ್ತು. ಒಂದು ವರ್ಷ ಆಚೀಚೆ ಆಗಿದ್ದಿದ್ದರೆ ಕಪ್ಪು ಟೀ ಶರ್ಟಿನ ಹುಡುಗರ ಆ ಸಮುದ್ರದ ಮುಂದೆ ಶರೀಫಜ್ಜ ನಿಂತಿರುತ್ತಿದ್ದ. ಬಾಟಲಿ ಎಸೆಯುತ್ತಿದ್ದರೋ, ಜೊತೆಗೆ ಕೂಗುತ್ತಿದ್ದರೋ, ನಮ್ಮಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಎಐ ಬಳಸಿ ಪಿ.ಬಿ.ಎಸ್. ಕಂಠದಲ್ಲಿ 'ಅನಿಸುತಿದೆ' ಮಾಡಿ ಗ್ರೂಪಿಗೆ ಹಾಕಬಹುದೇ?

ಬೇಡ. ನಮ್ಮಲ್ಲಿರುವ ಕಟ್ಟುನಿಟ್ಟಿನ ನಿಯಮ ಇದೊಂದೇ. ಎ.ಆರ್. ರೆಹಮಾನ್ 2024ರ 'ಲಾಲ್ ಸಲಾಂ' ಹಾಡಿಗೆ ತೀರಿಕೊಂಡ ಇಬ್ಬರು ಗಾಯಕರ ಕಂಠ ಮರುಸೃಷ್ಟಿಸಿದಾಗ ಅವರ ಮನೆಯವರ ಒಪ್ಪಿಗೆ ಪಡೆದು ಸಂಭಾವನೆಯನ್ನೂ ಕೊಟ್ಟಿದ್ದರು. ಎಸ್ಪಿಬಿ ಕಂಠವನ್ನು ಕೇಳದೆ ಬಳಸಿದ ತೆಲುಗು ಚಿತ್ರತಂಡಕ್ಕೆ ಅವರ ಕುಟುಂಬದಿಂದ ನೋಟಿಸು ಹೋಯಿತು. ಕಾನೂನು ಒತ್ತಟ್ಟಿಗಿರಲಿ. 'ರೆ' ಎನ್ನುವುದು ಕೇಳುವವನ ತಲೆಯಲ್ಲಿ ನಡೆಯಬೇಕಾದ ಕೆಲಸ. ನೀವು ಕೇಳಿಸಿಯೇ ಬಿಟ್ಟರೆ ಅದು 'ಹಾಡಿದರೆ' ಆಗಿ ಉಳಿಯುವುದಿಲ್ಲ, ನಾಳೆ ಯಾರೋ 'ಹಾಡಿದರು' ಎಂದು ಮುಂದಕ್ಕೆ ಕಳಿಸುತ್ತಾರೆ. ನನ್ನ ಚಿಕ್ಕಪ್ಪ ಈಗಾಗಲೇ ಅಂಥ ಎರಡು ಕಳಿಸಿದ್ದಾರೆ, ನಿಜವೆಂದೇ ನಂಬಿ.

ಬರುವಾಗ ಏನು ತಯಾರಿ ಮಾಡಿಕೊಂಡು ಬರಬೇಕು?

ಇಸವಿ ನೋಡಿಕೊಂಡು ಬನ್ನಿ, ಪಕ್ಕದ ಟೇಬಲ್ಲಿನ ಹಿರಿಯರು ಈಗಲೂ ಬರುತ್ತಾರೆ. ಮುಂದಿನ ವಾರದ ಸರದಿ ಕಾಳಿಂಗರಾಯರದು. ಹುಟ್ಟು 1914, ಸಾವು 1981. ಬದುಕಿಡೀ ಮೂರು ನಿಮಿಷದ ತಟ್ಟೆಯಲ್ಲಿ, ವೇದಿಕೆಯಲ್ಲಿ ಹಾಡಿ, ಮನೆಮನೆಗೆ ಟೇಪ್‌ರೆಕಾರ್ಡರ್ ಬರುವ ಹೊತ್ತಿಗೆ ಹೊರಟುಹೋದರು. ಅವರಿಗೆ ಅರ್ಧ ಗಂಟೆಯ ಒಂದು ಮಗ್ಗುಲು ಸಿಕ್ಕಿದ್ದಿದ್ದರೆ 'ಅಂತಿಂಥ ಹೆಣ್ಣು ನೀನಲ್ಲ' ಎಷ್ಟು ಉದ್ದ ಬೆಳೆಯುತ್ತಿತ್ತು, ಯಾವ ಚರಣದಲ್ಲಿ ಅವರು ನಿಧಾನಿಸುತ್ತಿದ್ದರು, ಹಾಡಿಕೊಂಡೇ ಬನ್ನಿ.